ಕಂಪೌಂಡರ್ ಕನಕರಾಯರ ಅಖಂಡ ಕ್ಯಾಸೆಟ್ಟುಗಳು

ಕನಕರಾಯರು ಕೆಮ್ಮುತ್ತಿರಲಿಲ್ಲ. ಬೇಸಗೆಯ ಧೂಳು, ಸುಗ್ಗಿಯ ಹೊಟ್ಟು ಎರಡೂ ಸೇರಿ ಹಸುಗೂಸಿನಿಂದ ಹಿಡಿದು ಹಣ್ಣುಮುದುಕರ ತನಕ ಎಲ್ಲರ ಗಂಟಲನ್ನೂ ಕೆರೆಯುವ ಮಸ್ಕಿಯಂಥ ಊರಿನಲ್ಲಿ ಐವತ್ತು ದಾಟಿದ ಗಂಡಸೊಬ್ಬ ಕೆಮ್ಮದೆ ಬದುಕುವುದು ಸಣ್ಣ ಸಾಧನೆಯಲ್ಲ. ಕೆಮ್ಮು ಬಂದರೆ ಅವರು ಕಣ್ಣೆರಡನ್ನೂ ಬಿಗಿಯಾಗಿ ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬುವ ತನಕ ಅದನ್ನು ಒಳಗೇ ಅದುಮಿ, ಕೊನೆಗೆ ಒಂದು ನಿಟ್ಟುಸಿರಿನಲ್ಲಿ ಕರಗಿಸಿಬಿಡುತ್ತಿದ್ದರು. ಹಾಡುಗಾರನ ಮುಂದೆ ಮೈಕು ಹಿಡಿದು ಕೂತವನ ಕೆಮ್ಮು ಹಾಡಿಗಿಂತ ಗಟ್ಟಿಯಾಗಿ ಕ್ಯಾಸೆಟ್ಟಿನಲ್ಲಿ ಕೂರುತ್ತದೆ ಎಂಬುದನ್ನು ಅವರು ಎಂಬತ್ಮೂರನೆಯ ಇಸವಿಯಲ್ಲೇ ಕಂಡುಕೊಂಡಿದ್ದರು. ಆಮೇಲೆ ಆ ಸಂಯಮ ಮನೆಗೂ ಬಂತು, ಕಚೇರಿಗೂ ಬಂತು, ಕಡೆಗೆ ನಿದ್ದೆಯೊಳಗೂ ಇಳಿಯಿತು.

ವೃತ್ತಿಯಿಂದ ಅವರು ದನದ ದವಾಖಾನೆಯ ಕಂಪೌಂಡರ್. ಡಾಕ್ಟರರು ವಾರಕ್ಕೆರಡು ದಿನ ಬರುವ ಆ ದವಾಖಾನೆಯಲ್ಲಿ ಉಳಿದ ಐದು ದಿನವೂ ಅವರೇ ಡಾಕ್ಟರು. ಬೆದರಿದ ಎಮ್ಮೆಯ ಬಳಿಗೆ ಹೋಗುವವರಂತೆ ತುದಿಗಾಲೂರಿ ನಡೆಯುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಸಂತೆಯ ಗದ್ದಲದಲ್ಲೂ ಅವರು ಪಕ್ಕಕ್ಕೆ ಬಂದು ನಿಂತದ್ದು ಫಿನಾಯಿಲಿನ ವಾಸನೆಯಿಂದ ಗೊತ್ತಾಗಬೇಕೇ ಹೊರತು ಸದ್ದಿನಿಂದ ಗೊತ್ತಾಗುತ್ತಿರಲಿಲ್ಲ. ಮೈಮೇಲೆ ಸದಾ ಒಂದು ಬೂದಿ ಬಣ್ಣದ ಕೋಟು. ತಲೆ ಸಿಡಿಯುವ ಬಿಸಿಲಿನಲ್ಲೂ ಅದನ್ನು ಕಳಚಿದವರಲ್ಲ. ದರ್ಜಿ ಅಮೀನ್‌ಸಾಬ್ ಅದರ ಒಳಮೈಗೆ ಕ್ಯಾಸೆಟ್ಟಿನ ಅಳತೆಯ ಎಂಟು ಜೇಬು ಹೊಲಿದುಕೊಟ್ಟಿದ್ದ. ಅವರ ಹೆಂಡತಿ ಅಮರಮ್ಮ, ಬಾಯಿ ಜೋರಿನ ಹೆಂಗಸು, ನೆರೆಯವರ ಮುಂದೆ ನಗುತ್ತ ಹೇಳುತ್ತಿದ್ದಳು: “ನನಗೂ ಎರಡು ಚಕ್ರ, ಒಂದು ಟೇಪು ಇದ್ದಿದ್ರ ನಮ್ಮ ಮನಿಯವ್ರು ಎದಿ ಮ್ಯಾಲೆ ಇಟ್ಕೊಂಡು ತಿರಗತಿದ್ರು ನೋಡ್ರಿ.” ನಗುವಾಗ ಅವಳ ಕಣ್ಣು ಮಾತ್ರ ನಗುತ್ತಿರಲಿಲ್ಲ.

ಆ ಕೋಟಿನ ಜೇಬುಗಳಲ್ಲಿ ಇದ್ದದ್ದು ಅಂಗಡಿಯಲ್ಲಿ ಸಿಕ್ಕುವ ಸರಕಲ್ಲ. ತತ್ವಪದದ ಮೇಳಗಳು, ಉರುಸಿನ ಕವ್ವಾಲಿಗಳು, ಮೊಹರಮ್ಮಿನ ರಿವಾಯತ್ ಹಾಡುಗಳು, ಮಠದ ಅಂಗಳದಲ್ಲಿ ಯಾರೋ ದೂರದ ಗವಾಯಿ ಹಾಡಿದ ಒಂದೇ ಒಂದು ರಾಗ, ಎಲ್ಲವೂ ಎದುರಿಗೆ ಕೂತು ಹಿಡಿದ ಜೀವಂತ ಧ್ವನಿ. ಒಂದೊಂದು ಕ್ಯಾಸೆಟ್ಟಿನ ಚೀಟಿಯ ಮೇಲೂ ದುಂಡು ಅಕ್ಷರದಲ್ಲಿ ತಾರೀಖು, ಊರು, ಹಾಡಿದವರ ಹೆಸರು, ಕೆಳಗೆ ಇಂಥದೊಂದು ಷರಾ: “ನಾಲ್ಕನೆಯ ಪದದಲ್ಲಿ ಎಮ್ಮೆ ಕೂಗಿದೆ.” ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳ ನಡುವೆ ಇಂಥ ಹುಚ್ಚಿನ ಹತ್ತು ಹನ್ನೆರಡು ಜನರಿದ್ದರು. ಅವರು ಕ್ಯಾಸೆಟ್ಟು ಮಾರುತ್ತಿರಲಿಲ್ಲ, ಕೊಳ್ಳುತ್ತಿರಲಿಲ್ಲ. ಒಂದಕ್ಕೆ ಒಂದು ಬದಲಿ, ಅಷ್ಟೇ. ಅರಿವೆಯಲ್ಲಿ ಸುತ್ತಿದ ಕ್ಯಾಸೆಟ್ಟು ಮಸ್ಕಿಯಲ್ಲಿ ಬಸ್ಸಿನ ಡ್ರೈವರನ ಕೈಗೆ ಹೋದರೆ ಲಿಂಗಸುಗೂರಿನಲ್ಲಿ ಟಾಯರು ಅಂಗಡಿಯ ಉಸ್ಮಾನ್‌ಸಾಬ್ ಅದನ್ನು ಇಳಿಸಿಕೊಂಡು, ಸಂಜೆಯ ಬಸ್ಸಿಗೆ ತಮ್ಮದೊಂದನ್ನು ಹತ್ತಿಸುತ್ತಿದ್ದರು.

ಈ ಕೂಟಕ್ಕೆ ಒಂದು ಕಟ್ಟಳೆಯಿತ್ತು. ಹಾಡಿಕೆ ಅಖಂಡವಾಗಿರಬೇಕು. ನಡುವೆ ಯಂತ್ರ ನಿಲ್ಲಿಸಿ ಅಷ್ಟಿಷ್ಟು ಹಾರಿಸಿದ್ದು ಗೊತ್ತಾದರೆ ಆ ಕ್ಯಾಸೆಟ್ಟಿಗೂ ಬೆಲೆಯಿಲ್ಲ, ಹಿಡಿದವನಿಗೂ ಬೆಲೆಯಿಲ್ಲ. ಸಿಂಧನೂರಿನ ಬುಡ್ಡೇಸಾಬ್ ಒಮ್ಮೆ ಕಳಿಸಿದ ಕವ್ವಾಲಿಯಲ್ಲಿ ಒಂದು ಚಪ್ಪಾಳೆ ಅರ್ಧಕ್ಕೆ ತುಂಡಾದದ್ದನ್ನು ಪತ್ತೆ ಹಚ್ಚಿದವರು ಕನಕರಾಯರೇ. ಕ್ಯಾಸೆಟ್ಟನ್ನು ವಾಪಸು ಕಳಿಸಿ, “ಇದು ಮುರುಕು” ಎಂದು ಒಂದೇ ಮಾತು ಬರೆದರು. ಅಂದಿನಿಂದ ಬುಡ್ಡೇಸಾಬನ ಜೊತೆ ಯಾರೂ ಬದಲಿ ಮಾಡಲಿಲ್ಲ. ಉಸ್ಮಾನ್‌ಸಾಬ್ ಅಂತೂ ಬಂದವರಿಗೆಲ್ಲ ಹೇಳುತ್ತಿದ್ದರು: “ಕನಕರಾಯರ ಮಾಲು ಅಂದ್ರ ಅಸಲಿ. ಒಂದು ಉಸಿರೂ ಕಡಿದಿರಂಗಿಲ್ಲ.” ಆ ಮಾತು ಕಿವಿಗೆ ಬಿದ್ದಾಗ ಕನಕರಾಯರು ತಲೆ ತಗ್ಗಿಸಿ ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ಎಲ್ಲರೂ ವಿನಯವೆಂದು ತಿಳಿದರು.

ಕನಕರಾಯರು ಕಡಿಯುತ್ತಿದ್ದರು. ನೇರವಾಗಿ ಹೇಳಿಬಿಡುವುದು ಮೇಲು. ಒಳ್ಳೆಯ ಕ್ಯಾಸೆಟ್ಟಿಗೆ ರಾಯಚೂರಿನ ತನಕ ಹೋಗಬೇಕು, ಪದಗಳೋ ಉದ್ದುದ್ದ, ಪದದ ನಡುವೆ ಹಾಡುಗಾರ ಸುಖ ದುಃಖ ಮಾತಾಡುತ್ತ ಕೂತರೆ ಮುಂದಿನ ಪದ ಅರ್ಧದಲ್ಲಿರುವಾಗಲೇ ಟೇಪು ಮುಗಿದುಹೋಗುತ್ತದೆ. ಹಾಗಾಗಿ ಮಾತು ಶುರುವಾದ ಕೂಡಲೇ ಅವರ ಹೆಬ್ಬೆರಳು ತಡೆಗುಂಡಿಯ ಮೇಲೆ ಕೂರುತ್ತಿತ್ತು. ತಾಳದ ನಾದ ಅಡಗಿ ಹಾರ್ಮೋನಿಯಂ ಪೇಟಿಯ ಶ್ರುತಿ ಒಂದೇ ಉಳಿದ ಗಳಿಗೆ ನೋಡಿ ಒತ್ತುವುದು, ಮಾತು ಮುಗಿದು ಮತ್ತೆ ಅದೇ ಶ್ರುತಿ ಉಳಿದ ಗಳಿಗೆ ನೋಡಿ ಬಿಡುವುದು. ಕೇಳಿದವರಿಗೆ ಶ್ರುತಿ ಎಡೆಬಿಡದೆ ಹರಿದಂತೆಯೇ ಕೇಳಬೇಕು. ಬುಡ್ಡೇಸಾಬನಿಗೆ ಬಾರದ ವಿದ್ಯೆ ಅದು. ಮಾತು ಹಾಡಲ್ಲವಲ್ಲ, ಹಾಡಿನಲ್ಲಿ ತಾನು ಒಂದಕ್ಷರವನ್ನೂ ಬಿಟ್ಟಿಲ್ಲವಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡು ಹಾಯಾಗಿದ್ದರು.

ಮುಕ್ಕುಂದದ ಆದಪ್ಪ ಆ ಸೀಮೆಯ ತತ್ವಪದಗಾರರಲ್ಲಿ ದೊಡ್ಡವನು. ಅವನ ಮೇಳದಲ್ಲಿ ಅವನ ಅಣ್ಣನ ಮಗ ಗಿಡ್ಡಪ್ಪ ತಬಲಾ ಬಾರಿಸುತ್ತಿದ್ದ. ಆದಪ್ಪನ ಮಗಳು ಯಮನಮ್ಮ, ಗಂಡ ಬಿಟ್ಟು ತವರಿಗೆ ಬಂದವಳು, ತಾಳ ಹಿಡಿದು ಹಿಂದಿನ ದನಿ ಕೊಡುತ್ತಿದ್ದಳು. ಹಿಂದಿನ ದನಿಯೆನ್ನುವುದು ಹೆಸರಿಗೆ ಮಾತ್ರ. ಅಪ್ಪನ ಉಸಿರು ಸೋಲುವ ಕಡೆಯಲ್ಲೆಲ್ಲ ಪದವನ್ನು ಎತ್ತಿ ದಡ ಮುಟ್ಟಿಸುತ್ತಿದ್ದವಳು ಅವಳೇ. ತೊಂಬತ್ತರ ಫಾಲ್ಗುಣದಲ್ಲಿ ವಳಕಮದಿನ್ನಿಯಲ್ಲಿ ಯಾರದೋ ಹೊಸ ಗೋದಾಮಿನ ಪೂಜೆಗೆ ಮಧ್ಯಾಹ್ನ ಈ ಮೇಳ ಹಾಡಿತು. ಎರಡನೆಯ ಪದ ಮುಗಿಯುವ ಹೊತ್ತಿಗೆ ಕರೆಂಟು ಹೋಗಿ ಲೌಡ್‌ಸ್ಪೀಕರು ಸತ್ತಿತು. ಜನ ಊಟದ ಕಡೆಗೆ ಎದ್ದರು. ಚಾಪೆಯ ಮೇಲೆ ಉಳಿದವರು ಮೇಳದವರು ಮತ್ತು ಸೆಲ್ಲಿನ ಟೇಪ್‌ರೆಕಾರ್ಡರ್ ಮುಂದಿಟ್ಟುಕೊಂಡ ಕನಕರಾಯರು. ಆಗ ಆದಪ್ಪ ಒಂದು ಕೈಯಿಂದ ಪೇಟಿಯ ತಿದಿ ಒತ್ತುತ್ತಲೇ, ತಗ್ಗಿದ ದನಿಯಲ್ಲಿ ಹೇಳಿದ: “ನನ್ನ ಎದಿ ಸುದ್ದ ಇಲ್ರಪಾ. ನನ್ನ ಹಿಂದ ಈ ಪೇಟಿ ಮುಂದ ಯಮನಿ ಕುಂದರ್ತಾಳ. ಗಿಡ್ಡ್ಯಾ, ನೀ ಆಕಿ ಬಾಜೂ ಕುಂದರಬೇಕು. ಇದು ನನ್ನ ಮಾತು.” ಗಿಡ್ಡಪ್ಪ ತಬಲಾದ ಮೇಲೆ ಕಣ್ಣು ನೆಟ್ಟು ಕೂತ. ಯಮನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಬ್ಬೆರಳು ಗುಂಡಿಯ ಮೇಲಿಟ್ಟ ಕನಕರಾಯರು, ಈ ಮುದುಕ ಬೇಗ ಮುಗಿಸಿದರೆ ಮೂರನೆಯ ಪದ ಪೂರ್ತಿ ಹಿಡಿಸೀತಲ್ಲ ಎಂದು ಕಾಯುತ್ತಿದ್ದರು.

ನಾಲ್ಕು ತಿಂಗಳಿಗೆ ಆದಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಮೂರನೆಯ ದಿನ ಗಿಡ್ಡಪ್ಪ ಪೇಟಿಯನ್ನು ತನ್ನ ಮನೆಗೆ ಎತ್ತಿಕೊಂಡು ಹೋದ. ಗಂಡಸರ ಮೇಳಕ್ಕೆ ಹೆಂಗಸು ಮುಂದಾಳಾದರೆ ಯಾವ ಊರಿನವರು ಕರೆಯುತ್ತಾರೆ ಎಂದು ಅವನು ಕೇಳಿದ್ದಕ್ಕೆ ಉಳಿದವರು ತಲೆಯಾಡಿಸಿದರು. ಆದಪ್ಪ ಹಾಗೆ ಹೇಳಿಯೇ ಇಲ್ಲವೆಂದೂ ಸೇರಿಸಿದರು. ಯಮನಮ್ಮ ಹಿರಿಯರಿಗೆ ದೂರು ಕೊಟ್ಟಳು. ಊರ ಬಾಗಿಲಿನ ಅಗಸಿ ಕಟ್ಟೆಯಲ್ಲಿ ಸಭೆ ಸೇರಿದಾಗ ಯಾರೋ ನೆನಪಿಸಿದರು, ಅವತ್ತು ಕಂಪೌಂಡ್ರು ಹಿಡಿದಿದ್ದರಲ್ಲ, ಕ್ಯಾಸೆಟ್ಟು ತರಿಸಿ, ಅದೇನು ಯಾರ ಮುಲಾಜೂ ನೋಡುವುದಿಲ್ಲ ಎಂದು. ಕನಕರಾಯರಿಗೆ ಹೇಳಿಕಳಿಸಿದರು. ಅವರು ಬಂದರು, ಆದಪ್ಪನ ಕಡೆಯ ಹಾಡಿಕೆಯ ಆಸೆಗೆ ಉಸ್ಮಾನ್‌ಸಾಬರೂ ಜೊತೆಗೆ ಬಂದರು.

ಬೆಳಗಿನ ಹತ್ತರ ಬಿಸಿಲಿನಲ್ಲಿ ಊರಿಗೆ ಊರೇ ಕೂತು ಕೇಳಿತು. ಸತ್ತವನ ದನಿ ಕೇಳಿ ಮುದುಕಿಯರು ಬಿಕ್ಕಿದರು. ಎರಡನೆಯ ಪದ ಮುಗಿಯಿತು, ತಾಳ ನಿಂತಿತು, ಶ್ರುತಿ ಒಂದೇ ಗುಂಯ್‌ಗುಟ್ಟಿತು, ಮೂರನೆಯ ಪದ ಎದ್ದಿತು. ನಡುವೆ ಒಂದು ಕೂದಲೆಳೆಯ ಸಂದಿರಲಿಲ್ಲ.

“ಹೇಳಿದ್ರ ಇದರಾಗ ಬರಬೇಕಿತ್ತಲ್ಲ,” ಎಂದ ಗಿಡ್ಡಪ್ಪ.

“ಅಪ್ಪ ಮಾತಾಡುವಾಗ ಕಂಪೌಂಡ್ರು ಗುಂಡಿ ಒತ್ತಿದ್ರು. ನಾ ಕಣ್ಣಾರೆ ನೋಡೀನಿ,” ಎಂದಳು ಯಮನಮ್ಮ. ಮಿಷಿನ್ನಿನ ವಿಚಾರ ಈಕೆಗೇನು ಗೊತ್ತು ಎಂದು ಗಂಡಸರು ನಕ್ಕರು.

ಹಿರಿಯರೊಬ್ಬರು ಕನಕರಾಯರ ಕಡೆಗೆ ತಿರುಗಿದರು. “ನಡುವ ಏನರ ಬಿಟ್ಟೀರೇನ್ರಿ?”

ಅವರಿಗಿಂತ ಮೊದಲು ಉಸ್ಮಾನ್‌ಸಾಬ್ ಎದೆ ತಟ್ಟಿಕೊಂಡು ಎದ್ದರು. “ಅವರ ಕ್ಯಾಸೆಟ್ಟಿನಾಗ ಕಡಿಯೋ ಮಾತಽ ಇಲ್ರಿ! ಕಡದಾರ ಅಂತ ಒಬ್ಬನ್ನ ದೂರ ಇಟ್ಟ ಮನುಷ್ಯಾ ಅವರು!”

ಕನಕರಾಯರಿಗೆ ಕೆಮ್ಮು ಬಂತು. ಹೌದು ಎಂಬ ಎರಡಕ್ಷರ ಸಾಕಿತ್ತು. ಆ ಎರಡಕ್ಷರಕ್ಕೆ ಏಳು ವರ್ಷದ ಇನ್ನೂರು ಕ್ಯಾಸೆಟ್ಟುಗಳೂ ಒಂದೇ ದಿನದಲ್ಲಿ ಮುರುಕಾಗುತ್ತಿದ್ದವು, ಬುಡ್ಡೇಸಾಬ್ ಸಿಂಧನೂರಿನಲ್ಲಿ ಕೂತು ನಗುತ್ತಿದ್ದ. ಅವರು ಕಣ್ಣು ಮುಚ್ಚಿ, ಕೆಮ್ಮನ್ನು ಒಳಗೇ ಅದುಮಿ ಹೇಳಿದರು: “ಇದ್ದದ್ದು ಇದ್ದಂಗ ಐತ್ರಿ.”

ಪೇಟಿ ಗಿಡ್ಡಪ್ಪನಿಗೆ ಹೋಯಿತು. ಅವನು ಹಾಡುಗಾರನಲ್ಲ, ಎರಡು ವರ್ಷ ಹೇಗೋ ಮೇಳ ಎಳೆದು ಕೈಬಿಟ್ಟ, ಪೇಟಿಯ ತಿದಿಯನ್ನು ಇಲಿಗಳು ಕಡಿದವು. ಯಮನಮ್ಮ ಭತ್ತದ ಗದ್ದೆಗಳಿಗೆ ಸಸಿ ಹಚ್ಚಲು ಹೋಗತೊಡಗಿದಳು. ಆಕಳಿನ ಹೊಟ್ಟೆಯಲ್ಲಿ ಕರು ಅಡ್ಡವಾಗಿದೆಯೆಂದು ಒಮ್ಮೆ ಮುಕ್ಕುಂದಕ್ಕೆ ಹೋದ ಕನಕರಾಯರಿಗೆ ಆಕಳಿನ ಒಡತಿ ಪಂಪಮ್ಮ ಬಿಸಿನೀರು ಹೊಯ್ಯುತ್ತ ತಾನಾಗಿಯೇ ಸುದ್ದಿ ಹೇಳಿದಳು: “ಸಸಿ ಹಚ್ಚಾಗ ನಾವೆಲ್ಲಾ ಹಾಡ್ತೀವ್ರಿ. ಆಕಿ ಮಾತ್ರ ಬಾಯಿ ಬಿಚ್ಚಂಗಿಲ್ಲ. ಸಾಲಿನಾಗ ಆಕಿ ಇದ್ದಲ್ಲಿ ಹಾಡು ತೂತು ಬಿದ್ದಂಗ ಆಕ್ಕತಿ.” ಕನಕರಾಯರು ಕೈ ತೊಳೆಯುವುದನ್ನೂ ಮರೆತು ಬಸ್ಸು ಹತ್ತಿದರು. ಅಂದಿನಿಂದ ಅವರು ಹೊಸದಾಗಿ ಏನನ್ನೂ ಹಿಡಿಯಲಿಲ್ಲ. ಹಳೆಯ ಕ್ಯಾಸೆಟ್ಟು ಹಾಕಿಕೊಂಡು ಕೂತರೆ, ಹಾಡು ಬಂದಾಗ ಬೇರೆಲ್ಲೋ ನೋಡುತ್ತ, ಪದ ಪದದ ನಡುವಿನ ಶ್ರುತಿ ಬಂದಾಗ ಮಾತ್ರ ಬಾಗಿ ಕಿವಿ ಹಚ್ಚುತ್ತಿದ್ದರಂತೆ. ಇದನ್ನು ಹೇಳಿದವಳು ಅಮರಮ್ಮ.

ತೊಂಬತ್ನಾಲ್ಕರಲ್ಲಿ ಒಂದು ದಿನ ಅವರು ವಳಕಮದಿನ್ನಿಯ ಆ ಕ್ಯಾಸೆಟ್ಟನ್ನು ಕೋಟಿನಲ್ಲಿಟ್ಟುಕೊಂಡು ಮುಕ್ಕುಂದಕ್ಕೆ ಹೋದರು. ಯಮನಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬದಲಿಗೆ ಏನನ್ನೂ ಕೇಳದೆ ಅವರು ಯಾರಿಗಾದರೂ ಕ್ಯಾಸೆಟ್ಟು ಕೊಡಲು ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ.

“ಅವತ್ತು ನಿಮ್ಮಪ್ಪ ಅಂದಿದ್ದು ಖರೇ ಐತವ್ವಾ. ನಾ ಕೇಳೀನಿ. ನಾನಽ ಗುಂಡಿ ಒತ್ತಿದ್ದೆ.”

ಅವಳು ಮೊರ ಕೆಳಗಿಟ್ಟಳು. ಸಿಟ್ಟಾಗಲಿಲ್ಲ, ಅಳಲಿಲ್ಲ. “ನನಗ ಗೊತ್ತಿದ್ದದ್ದು ನನಗಽ ಹೇಳಾಕ ಇಷ್ಟು ದೂರ ಬಂದೀರೇನ್ರಿ? ಹೋಗಿ ಕಟ್ಟಿ ಮ್ಯಾಲೆ ಹೇಳ್ರಿ.” ಕ್ಯಾಸೆಟ್ಟನ್ನು ಮುಟ್ಟಲೂ ಇಲ್ಲ.

ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟರು. ಬಸ್ಸಿಗೆ ಹೋಗುವ ದಾರಿಯಲ್ಲೇ ಅಗಸಿ ಕಟ್ಟೆ. ಹತ್ತಾರು ಜನ ಕೂತಿದ್ದರು, ಅಂದಿನ ಹಿರಿಯರೂ ಇದ್ದರು. ಕಂಪೌಂಡ್ರು ಬಂದರೆಂದು ಜರುಗಿ ಜಾಗ ಕೊಟ್ಟರು, ಯಾರೋ ಚಹಾ ತರಿಸಿದರು, ಇನ್ಯಾರೋ ಎಮ್ಮೆಯ ಕೆಚ್ಚಲು ಬಾತಿದೆ ಏನು ಹಚ್ಚಲಿ ಎಂದು ಕೇಳಿದರು. ಅವರು ಏನು ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು ಎಂದು ಸಾವಧಾನವಾಗಿ ವಿವರಿಸಿದರು. ಚಹಾ ಮುಗಿಯಿತು. ಬಸ್ಸು ಬಂತು. ಎಲ್ಲರಿಗೂ ಕೈಮುಗಿದು ಹತ್ತಿದರು. ಯಮನಮ್ಮ ಅಂಗಳದಿಂದ ಬಂದು ಗೋಡೆಯ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮತ್ತೆ ಆ ಊರಿಗೆ ಅವರು ಕಾಲಿಡಲಿಲ್ಲ; ಮುಕ್ಕುಂದದ ಆಕಳುಗಳಿಗೆ ಬೇರೆ ಕಂಪೌಂಡರನ್ನು ಹುಡುಕಬೇಕಾಯಿತು.

ತೊಂಬತ್ತೆಂಟರಲ್ಲಿ ಅವರು ಸತ್ತಾಗ ಕ್ಯಾಸೆಟ್ಟುಗಳ ಟ್ರಂಕು ಉಸ್ಮಾನ್‌ಸಾಬರ ಪಾಲಾಯಿತು. ಅವರು ಇಂದಿಗೂ ಅದನ್ನು ಕಣ್ಣಿಗೊತ್ತಿಕೊಂಡು ತೆಗೆಯುತ್ತಾರೆ. ಕನಕರಾಯರನ್ನು ಬಲ್ಲವರೆಲ್ಲ ಹೇಳುವುದು ಒಂದೇ: ದೇವರಂಥ ಮನುಷ್ಯ, ಯಾರ ತಂಟೆಗೂ ಹೋದವರಲ್ಲ. ಇಂಥವರು ನಮ್ಮ ಊರು ಊರುಗಳಲ್ಲಿದ್ದಾರೆ. ಇವರು ಕುಡಿಯುವುದಿಲ್ಲ, ಕದಿಯುವುದಿಲ್ಲ, ಗಟ್ಟಿಯಾಗಿ ಮಾತೂ ಆಡುವುದಿಲ್ಲ. ನಾವೆಲ್ಲ ಮರೆತುಬಿಡುವ ಚೆಲುವನ್ನು ತಮ್ಮ ಊಟ ನಿದ್ದೆ ಬಿಟ್ಟು ಕಾಪಾಡಿ ಇಡುತ್ತಾರೆ, ಆ ಋಣ ಸಣ್ಣದಲ್ಲ. ಆದರೆ ಕಾಪಾಡಿದವನೆಂಬ ಹೆಸರು ಒಮ್ಮೆ ಮೈಗಂಟಿದ ಮೇಲೆ ಅದನ್ನು ಉಳಿಸಿಕೊಳ್ಳಲು ಇವರು ಏನನ್ನು ಬೇಕಾದರೂ ಬಲಿಗೊಟ್ಟಾರು, ಕೈ ಮಾತ್ರ ಶುಭ್ರವಾಗಿಯೇ ಉಳಿದಿರುತ್ತದೆ. ಆ ಸೀಮೆಯಲ್ಲಿ ಹಾಡನ್ನು ಕನಕರಾಯರಷ್ಟು ಪ್ರೀತಿಸಿದವರು ಯಾರೂ ಇರಲಿಲ್ಲ. ಅಲ್ಲಿ ಉಳಿದಿದ್ದ ಒಬ್ಬಳೇ ದೊಡ್ಡ ಹಾಡುಗಾರ್ತಿಯ ಬಾಯಿ ಕಟ್ಟಿದವರೂ ಅವರೇ.