ಹತ್ತನೇ ತಾರೀಖಿಗೆ ಮುಂಚಿನ ಶುಕ್ರವಾರ

ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ನಡುವೆ ಒಂದು ಪರದೆ ಅಷ್ಟೆ. ಪರದೆಯ ಈಚೆ ನಾನು ಬಟ್ಟೆ ಮಡಿಸುತ್ತಿದ್ದರೆ ಆಚೆ ಇಪ್ಪತ್ತು ಮೂವತ್ತು ಗಡಿಯಾರಗಳು ಒಂದರ ಮಾತಿಗೆ ಇನ್ನೊಂದು ಅಡ್ಡಬಾಯಿ ಹಾಕುತ್ತಿರುತ್ತವೆ. ಇವರಿಗೆ ಹೊತ್ತೆಂದರೆ ಹೊತ್ತು. ಯಾರಾದರೂ ನಾಲ್ಕಕ್ಕೆ ಬನ್ನಿ ಎಂದು ಕರೆದಿದ್ದರೆ, ಐದು ನಿಮಿಷ ಮೊದಲೇ ತಲುಪಿದರೂ ಬಾಗಿಲ ಹೊರಗೆ ನಿಂತು, ಸರಿಯಾಗಿ ನಾಲ್ಕಕ್ಕೆ ಕರೆಗಂಟೆ ಒತ್ತುತ್ತಾರೆ. ಮುಂಚೆ ಹೋಗುವುದೂ ಒಂದು ಬಗೆಯ ತಪ್ಪೇ ಎನ್ನುವುದು ಇವರ ವಾದ. ಮದುವೆಯಾದ ಹೊಸದರಲ್ಲಿ ನಾನು ನಗುತ್ತಿದ್ದೆ. ಈಗ ನಾನೂ ಅವರ ಜೊತೆ ಐದು ನಿಮಿಷ ಹೊರಗೆ ನಿಲ್ಲುತ್ತೇನೆ.

ಇಂಥವರ ಖಾತೆಯಲ್ಲಿ ಹಣ ಹೊತ್ತಿಗೆ ಸರಿಯಾಗಿ ಇರಲಿಲ್ಲವೆಂದು ವಿಮೆ ಕಂಪನಿಯಿಂದ ಕಾಗದ ಬಂತು.

ನಮ್ಮ ಅತ್ತೆಗೆ ಬಲಗಣ್ಣು ಎಂದೋ ಹೋಗಿದೆ. ಉಳಿದ ಎಡಗಣ್ಣಿಗೂ ಪೊರೆ ಬಂದು, ಮೊಮ್ಮಗಳನ್ನು ಹೆಜ್ಜೆಯ ಸದ್ದಿನಿಂದ ಗುರುತು ಹಿಡಿಯುವ ಹಾಗಾಗಿತ್ತು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹನ್ನೆರಡನೇ ತಾರೀಖು ಬುಧವಾರ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಖರ್ಚೆಲ್ಲ ವಿಮೆಯದು. ಒಂಬತ್ತು ವರ್ಷದಿಂದ ತಿಂಗಳು ತಪ್ಪದೆ ಕಟ್ಟಿಕೊಂಡು ಬಂದಿದ್ದೇವೆ. ಮೊದಲೆಲ್ಲ ಇವರೇ ಹತ್ತನೇ ತಾರೀಖು ಕಂಪನಿಯ ಕೌಂಟರಿಗೆ ಹೋಗಿ ಕಟ್ಟಿ ರಸೀದಿ ತರುತ್ತಿದ್ದರು. ಎರಡು ತಿಂಗಳ ಹಿಂದೆ ಕೌಂಟರು ಮುಚ್ಚಿ, ಇನ್ನು ಮುಂದೆ ಹಣ ಬ್ಯಾಂಕಿನ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ ಎಂದು ಸಹಿ ಹಾಕಿಸಿಕೊಂಡರು. ಮೊದಲ ತಿಂಗಳು ಖಾತೆಯಲ್ಲಿ ಹೇಗೋ ಅಷ್ಟು ಇತ್ತು, ನಡೆಯಿತು. ಎರಡನೇ ತಿಂಗಳು ಹತ್ತನೇ ತಾರೀಖು ಇವರು ನೋಟುಗಳನ್ನು ರಬ್ಬರಿನಲ್ಲಿ ಸುತ್ತಿಕೊಂಡು, ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ಮೊದಲಿಗರಾಗಿ ನಿಂತು ಕಟ್ಟಿ ಬಂದರು. ಕಂಪನಿಯವರು ಬೆಳಗಿನ ಜಾವವೇ ಬಂದು ಖಾಲಿ ಖಾತೆಯಲ್ಲಿ ಕೈಯಾಡಿಸಿ ಹೋಗಿದ್ದರು. ಕಟ್ಟಿದ ಹಣ ಬ್ಯಾಂಕಿನ ದಂಡಕ್ಕೂ ಆಸ್ಪತ್ರೆಯ ರಕ್ತಪರೀಕ್ಷೆಗೂ ಹರಿದು ಹೋಯಿತು.

ಕಾಗದದಲ್ಲಿ ಇದ್ದದ್ದು ಇಷ್ಟು: ತಪ್ಪಿದ ತಿಂಗಳದ್ದನ್ನೂ ಈ ತಿಂಗಳದ್ದನ್ನೂ ಸೇರಿಸಿ ಈ ಹತ್ತನೇ ತಾರೀಖು ತೆಗೆದುಕೊಳ್ಳುತ್ತೇವೆ. ಸಿಗದಿದ್ದರೆ ಪಾಲಿಸಿ ಅಲ್ಲಿಗೆ ಮುಗಿಯಿತು.

ಇವರು ಅದನ್ನು ಎರಡು ಸಲ ಓದಿ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದಿಟ್ಟರು. ಕೋಪ ಬಂದಿರಲಿಲ್ಲ, ಅವಮಾನವಾಗಿತ್ತು. ಈ ಸಲ ಒಂಬತ್ತನೇ ತಾರೀಖೇ ಹಾಕಿಬಿಡುತ್ತೇನೆ, ಇಡೀ ಒಂದು ದಿನ ಮುಂಚೆ, ಎಂದರು. ಹಾಗೆ ಹೇಳುವಾಗ ದೊಡ್ಡ ತ್ಯಾಗ ಮಾಡಿದವರ ಮುಖ.

ಬೇಕಾದ ಹಣದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮನೆಯಲ್ಲೇ ಇತ್ತು. ಉಳಿದದ್ದು ಗೋಡೆಯ ಮೇಲೆ ನೇತಾಡುತ್ತಿತ್ತು. ಮೂರನೇ ಬೀದಿಯ ಬೇಕರಿಯ ದೊಡ್ಡ ಗಡಿಯಾರ ಅದು. ಒಳಗೆಲ್ಲ ಹಿಟ್ಟು ಸೇರಿ ಗಂಟುಕಟ್ಟಿ ನಿಂತುಹೋಗಿತ್ತು. ಇವರು ಹನ್ನೊಂದು ದಿನ ಕೂತು ಚಕ್ರಗಳ ಹಲ್ಲು ಹಲ್ಲನ್ನೂ ತೊಳೆದು, ಒಂದು ಚಕ್ರವನ್ನು ಹೊಸದಾಗಿ ಕೊರೆದು, ಒಂದನೇ ತಾರೀಖು ಶನಿವಾರ ಸಂಜೆ ನಡೆಸಿದ್ದರು. ಆದರೆ ನಮ್ಮ ಅಂಗಡಿಗೆ ಮಾವನ ಕಾಲದಿಂದ ಒಂದು ಕಟ್ಟಳೆ ಇದೆ. ಎಂಟು ದಿನ ನನ್ನ ಗೋಡೆ, ಆಮೇಲೆ ನಿನ್ನ ಗೋಡೆ ಎನ್ನುತ್ತಿದ್ದರು ಮಾವ. ಎಂಟು ದಿನ ಒಂದು ನಿಮಿಷವೂ ಆಚೀಚೆ ಆಗದೆ ಓಡಿದ ಮೇಲೆಯೇ ಗಡಿಯಾರ ಹೊರಗೆ ಹೋಗುವುದು, ಆಮೇಲೆಯೇ ದುಡ್ಡು ಮುಟ್ಟುವುದು. ಎಂಟು ದಿನ ತುಂಬುವುದು ಭಾನುವಾರ ಒಂಬತ್ತರ ಸಂಜೆ. ಎಲ್ಲ ಸರಿಯಾಗಿ ಕೂಡಿ ಬರುತ್ತದೆ ಎಂದು ಇವರು ನೆಮ್ಮದಿಯಾಗಿದ್ದರು.

ನನಗೆ ನೆಮ್ಮದಿ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಕಾಗದ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಕಾಗದ ಓದಿ ಗೋಡೆಯ ಕ್ಯಾಲೆಂಡರನ್ನು ನೋಡಿದಳು.

"ಅಕ್ಕಾ, ಹತ್ತು ಸೋಮವಾರ. ಅವರು ನಾವು ಬಾಗಿಲು ತೆಗೆಯೋಕ್ ಮುಂಚೆನೇ ತಗೊಂಡ್ಬಿಡ್ತಾರೆ."

ಅದು ಗೊತ್ತು, ಭಾನುವಾರವೇ ಹೊರಗಿನ ಹಣ ಕಟ್ಟುವ ಯಂತ್ರಕ್ಕೆ ಹಾಕುತ್ತೇವೆ ಎಂದೆ.

"ಯಂತ್ರ ಭಾನುವಾರ ನುಂಗುತ್ತೆ. ಆದ್ರೆ ನಿಮ್ಮ ಖಾತೆಗೆ ಬರೋದು ಸೋಮವಾರ ನಾವು ಬಂದು ಅದರ ಹೊಟ್ಟೆ ಬಿಚ್ಚಿದ್ ಮೇಲೆ. ಶನಿವಾರನೂ ರಜೆ. ಇವತ್ತು ನಾಲ್ಕು ಗಂಟೆ ಒಳಗೆ ದುಡ್ಡು ಖಾತೇಲಿ ಕೂತಿರಬೇಕು. ಚೆಕ್ ಬೇಡ, ಅದು ಪಾಸಾಗೋಕೆ ಎರಡು ದಿನ ಬೇಕು."

ಬೇಸರವಿಲ್ಲದೆ ಇನ್ನೊಂದು ಸಲವೂ ಹೇಳಿದಳು. ನಾನು ಮನೆಗೆ ಬರುವ ಹೊತ್ತಿಗೆ ಹನ್ನೊಂದೂವರೆ.

ಇವರು ಒಂದು ಕೈಗಡಿಯಾರವನ್ನು ಬಿಚ್ಚಿಕೊಂಡು ಕೂತಿದ್ದರು. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತು ಸದ್ದಿನ ಮೇಲೆಯೇ ಯಾವ ಗಡಿಯಾರ ನಿಧಾನ ಎಂದು ಮಗನಿಗೆ ಹೇಳುತ್ತಿದ್ದರು. ಕೇಳಿ ಬಂದದ್ದನ್ನೆಲ್ಲ ಹೇಳಿದೆ. ಇವರು ತಲೆ ಎತ್ತದೆ, ಇವತ್ತಿಗೆ ಆರೇ ದಿನ ಆಗಿರುವುದು ಎಂದರು. ಯಾರ ಹತ್ತಿರವಾದರೂ ಕೈಗಡ ಕೇಳೋಣವೇ ಎಂದೆ. ಕೇಳಬಹುದಾದವಳು ನಮ್ಮಕ್ಕ ಒಬ್ಬಳೇ, ಅವಳಿಂದ ಕನ್ನಡಕಕ್ಕೆ ತಂದದ್ದೇ ಇನ್ನೂ ತೀರಿರಲಿಲ್ಲ. ಆರು ದಿನದ ಗಡಿಯಾರ ಕೊಟ್ಟು ಪೂರ್ತಿ ದುಡ್ಡು ತೆಗೆದುಕೊಂಡರೆ ಅಪ್ಪನ ಬೋರ್ಡನ್ನೂ ಇಳಿಸಿಬಿಡಬೇಕು ಎಂದರು ಇವರು. ದನಿ ಏರಿರಲಿಲ್ಲ. ಅತ್ತೆ ಮಗನ ಪರವೇ. ನನ್ನ ಒಂದು ಕಣ್ಣಿಗೋಸ್ಕರ ಅಂಗಡಿಯ ಮಾತು ಕೆಡುವುದು ಬೇಡ, ನಿಮ್ಮ ಮುಖ ಎಲ್ಲ ನನಗೆ ಬಾಯಿಪಾಠ ಇದೆ, ನೋಡಿ ಏನಾಗಬೇಕು ಎಂದರು.

ನಾನು ತಟ್ಟೆ ಹಾಕಿದೆ. ಮೂವರೂ ಊಟಕ್ಕೆ ಕೂತೆವು. ಅತ್ತೆ ನೀರಿನ ಲೋಟಕ್ಕೆ ಕೈ ಚಾಚಿ, ಲೋಟ ಇಲ್ಲದ ಕಡೆ ಮೇಜನ್ನು ತಡವಿ, ಆಮೇಲೆ ನಿಧಾನವಾಗಿ ಎಡಕ್ಕೆ ಸರಿದು ಹುಡುಕಿಕೊಂಡರು. ದಿನವೂ ನಡೆಯುವುದೇ. ಇವರು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

"ಮಾವ ಎಂಟು ದಿನ ಅಂದಿದ್ದು ಗಿರಾಕಿಗೆ ಮೋಸ ಆಗಬಾರದು ಅಂತ ತಾನೇ," ಎಂದೆ ನಾನು. "ಆರೇ ದಿನ ಆಗಿದೆ ಅಂತ ಹೇಳೇ ಕೊಟ್ರೆ ಮೋಸ ಎಲ್ಲಿಂದ ಬಂತು?"

ಇವರು ಊಟ ಮುಗಿಸಿ, ಕೈ ತೊಳೆದು, ಹಳೆಯ ಕಂಬಳಿ ತಂದು ಗೋಡೆಯ ಗಡಿಯಾರಕ್ಕೆ ಸುತ್ತತೊಡಗಿದರು. ಇನ್ನೊಂದು ತುದಿ ನಾನು ಹಿಡಿದೆ. ಹಸುಗೂಸನ್ನು ಸಾಗಿಸುವವರ ಹಾಗೆ ಇಬ್ಬರೂ ಮೂರನೇ ಬೀದಿಗೆ ನಡೆದೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಇವರು ಹಣ ಕೇಳಿದ್ದನ್ನು ನಾನು ಎಂದೂ ಕಂಡವಳಲ್ಲ. ಗಿರಾಕಿಗಳು ಕೊಟ್ಟದ್ದನ್ನು ಎಣಿಸದೆ ಡ್ರಾಯರಿಗೆ ಹಾಕುವ ಮನುಷ್ಯ.

ಬೇಕರಿಯ ಯಜಮಾನಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ನನ್ನ ಗಂಡ ಗಡಿಯಾರವನ್ನು ಮೇಜಿನ ಮೇಲೆ ಇಳಿಸಿ, ಮುಖ ನೋಡದೆ, ಇದು ಆರು ದಿನ ಓಡಿದೆ, ನಮ್ಮಲ್ಲಿ ಎಂಟು ದಿನದ ಲೆಕ್ಕ, ಅಮ್ಮನ ಕಣ್ಣಿನ ಹಣ ಇವತ್ತೇ ಕಟ್ಟಬೇಕು, ಅದಕ್ಕೇ ತಂದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕಿವಿ ಕೆಂಪಾಗಿತ್ತು.

ಯಜಮಾನಿ ಕಂಬಳಿ ಸರಿಸಿ ನೋಡಿದರು.

"ಏನ್ ಡಾಕ್ಟ್ರೇ, ರೋಗೀನ ಇಷ್ಟು ಬೇಗ ಮನೆಗೆ ಕಳಿಸ್ತಿದ್ದೀರಾ? ನಾನು ಒಲೆಯಲ್ಲಿ ಬ್ರೆಡ್ ಇಟ್ಟು ಇದನ್ನೇ ನಂಬ್ಕೊಂಡ್ ಕೂರೋಳು. ಎರಡು ನಿಮಿಷ ತಪ್ಪಿದ್ರೆ ಇದ್ದಲು ಮಾರಬೇಕಾಗುತ್ತೆ."

"ತಪ್ಪೋದಿಲ್ಲ," ಎಂದರು ಇವರು. ಕಂಬಳಿ ಎಳೆದು ಮಡಿಸುತ್ತಾ, "ನಾಳೆ ನಾಡಿದ್ದು ನಾನೇ ಬಂದು ಕೂತು ನೋಡ್ತೀನಿ. ತಪ್ಪಿದ್ರೆ ಸೋಮವಾರ ವಾಪಸ್ ತಗೊಂಡ್ ಹೋಗ್ತೀನಿ."

ಯಜಮಾನಿ ನಕ್ಕು, ಕೂರಿ ಯಾರು ಬೇಡ ಅಂದರು, ಬಿಸಿ ಬ್ರೆಡ್ಡಿನ ವಾಸನೆಗೆ ದುಡ್ಡಿಲ್ಲ ಎಂದು ಡ್ರಾಯರಿನಿಂದ ಚೆಕ್ ಪುಸ್ತಕ ತೆಗೆದರು. ಇವರು ತಲೆಯಾಡಿಸಿ ಕೈ ಚಾಚಿಯೂ ಆಗಿತ್ತು. ನಾನು ನಡುವೆ ಬಂದು, ಚೆಕ್ಕಾದರೆ ನಡೆಯುವುದಿಲ್ಲ ಎಂದೆ. ನಾಚಿಕೆಯಾಯಿತು, ಆದರೂ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಗಲ್ಲಾಪೆಟ್ಟಿಗೆಯನ್ನೇ ಎತ್ತಿ ಮೇಜಿನ ಮೇಲೆ ಮಗುಚಿದರು. ಬೆಳಗಿನ ವ್ಯಾಪಾರವೆಲ್ಲ ಸಣ್ಣ ನೋಟು, ಚಿಲ್ಲರೆ. ಮೂವರೂ ಕೂತು ಎಣಿಸಿದೆವು. ಎಂಟು ರೂಪಾಯಿ ಹೆಚ್ಚು ಬಂದದ್ದನ್ನು ಇವರು ಹಿಂದಕ್ಕೆ ತಳ್ಳಿದರು.

ಮನೆಯಲ್ಲಿದ್ದ ಹಣವನ್ನೂ ಸೇರಿಸಿಕೊಂಡು ಬ್ಯಾಂಕಿಗೆ ಮುಟ್ಟಿದಾಗ ನಾಲ್ಕಕ್ಕೆ ಹದಿನೆಂಟು ನಿಮಿಷ. ಇವರು ಅಭ್ಯಾಸಬಲದಿಂದ ಬಾಗಿಲಲ್ಲಿ ತಡೆದು ನಿಂತರು. ಬೆನ್ನಿಗೆ ಕೈ ಇಟ್ಟು ಒಳಗೆ ತಳ್ಳಿದೆ. ಅದೇ ಹುಡುಗಿ ಹಿಟ್ಟು ಮೆತ್ತಿದ ನೋಟು ಎಣಿಸುತ್ತಾ ಎರಡು ಸಲ ಸೀನಿದಳು, ಆದರೂ ಎಣಿಕೆ ತಪ್ಪಲಿಲ್ಲ. ರಸೀದಿಯ ಮೇಲೆ ತಾರೀಖು ಒತ್ತಿ ನನ್ನ ಕೈಗೆ ಕೊಟ್ಟಳು.

ಶನಿವಾರ, ಭಾನುವಾರ ಇವರು ಬೆಳಿಗ್ಗೆ ಹೋದವರು ಬೇಕರಿಯ ಮೂಲೆಯ ಬೆಂಚಿನ ಮೇಲೆ, ತೊಡೆಯ ಮೇಲೆ ತಮ್ಮ ಗಡಿಯಾರ ಇಟ್ಟುಕೊಂಡು, ಗೋಡೆಯನ್ನು ನೋಡುತ್ತಾ ಕೂತರು. ಬ್ರೆಡ್ ಕೊಳ್ಳಲು ಬಂದವರೆಲ್ಲ ಇವರೇನು ಸಾಲಿನಲ್ಲಿದ್ದಾರೋ ಎಂದು ಕೇಳಿ ಹೋದರಂತೆ. ಮಧ್ಯಾಹ್ನ ಮಗಳ ಕೈಲಿ ಊಟ ಕಳಿಸಿದೆ. ಭಾನುವಾರ ಸಂಜೆ ಬಂದು ಚಪ್ಪಲಿ ಬಿಡುತ್ತಾ, ಎರಡು ದಿನಕ್ಕೆ ನಾಲ್ಕು ಸೆಕೆಂಡು ಎಂದರು. ಹೆಚ್ಚೋ ಕಡಿಮೆಯೋ ಎಂದು ಅತ್ತೆ ಕೇಳಿದರು. ಹೆಚ್ಚು, ಎಂದರು. ಅತ್ತೆ ಸ್ವಲ್ಪ ಯೋಚಿಸಿ, ನಿಮ್ಮಪ್ಪನೂ ಅಷ್ಟಕ್ಕೆ ಬಿಡುತ್ತಿದ್ದರು ಎಂದರು.

ಸೋಮವಾರ ಬೆಳಿಗ್ಗೆ ನಾನು ಎದ್ದು ಹಾಲು ಕಾಯಿಸುತ್ತಿದ್ದಾಗ ಫೋನು ಒಮ್ಮೆ ಗುಂಯ್ ಎಂದಿತು. ಕೈ ಒರೆಸಿಕೊಂಡು ನೋಡಿದೆ. ಇಷ್ಟು ಮೊತ್ತ ಕಡಿತವಾಗಿದೆ, ಉಳಿದದ್ದು ಎರಡಂಕಿ. ಅತ್ತೆ ಆಗಲೇ ಎದ್ದು ಕತ್ತಲೆಯಲ್ಲೇ ಜಡೆ ಹಾಕಿಕೊಳ್ಳುತ್ತಿದ್ದರು.

"ತಗೊಂಡ್ರೇನೇ?" ಎಂದರು.

"ತಗೊಂಡ್ರು ಅತ್ತೆ. ಪೂರ್ತಿ ಬಳ್ಕೊಂಡು ಹೋದ್ರು."

"ದುಡ್ಡು ಹೋಯ್ತು ಅಂತ ಖುಷಿ ಪಡೋ ಮನೆ ಇದೊಂದೇ ಇರಬೇಕು," ಎಂದು ಅವರು ನಕ್ಕರು. ಆಮೇಲೆ, ಬುಧವಾರಕ್ಕೆ ಆಸ್ಪತ್ರೆಗೆ ಯಾವ ಬಟ್ಟೆ ಇಟ್ಟಿದ್ದೀಯ ಎಂದು ಕೇಳಿದರು. ನೀಲಿಯದು ಎಂದೆ. ಅದು ಬೇಡ, ಕಟ್ಟು ಬಿಚ್ಚಿದ ಕೂಡಲೆ ಕಣ್ಣಿಗೆ ಬೀಳುವುದು ತಾನು ಉಟ್ಟ ಬಟ್ಟೆಯೇ, ಸ್ವಲ್ಪ ಚೆನ್ನಾಗಿರುವುದು ಇಡು ಎಂದರು. ಹಾಲು ಉಕ್ಕುವ ಮೊದಲು ಇಳಿಸಿ, ಪೆಟ್ಟಿಗೆ ತೆಗೆಯಲು ಹೋದೆ.