ಪರಶಪ್ಪನ ಗುಂಡುಕಲ್ಲು

ನರಗುಂದದ ಕೋಟೆ ಇಂಗ್ಲಿಷರ ಕೈಗೆ ಬಿದ್ದಾಗ ಜಕ್ಕಲಿಯ ಪರಶಪ್ಪ ಅಲ್ಲಿ ಪಹರೆಯಲ್ಲಿದ್ದ. ಬಾಗಿಲಲ್ಲೇ ಸತ್ತನೆಂದು ಕೆಲವರು ಹೇಳಿದರು, ಗುಡ್ಡ ಇಳಿದು ಓಡಿದ್ದನ್ನು ಕಂಡೆವೆಂದು ಕೆಲವರು. ಹೆಣ ಸಿಗಲಿಲ್ಲ. ಹೀಗಾಗಿ ಅವನ ಹೆಂಡತಿ ಉಡಚವ್ವ, ಇನ್ನೂ ಇಪ್ಪತ್ತು ತುಂಬದ ಹುಡುಗಿ, ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ ಎಂಬಂತಾದಳು. ತವರೂರು ಮೆಣಸಗಿಯಿಂದ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬಂದ.

“ನಾ ಬಾಗಲಾ ಹಾಕ್ಕೊಂಡು ಬಂದ್ನಿ ಅಂದ್ರ, ಅಂವ ಬಂದು ಎಲ್ಲಿ ನಿಲ್ಬೇಕಣ್ಣಾ?” ಎಂದಳು.

ಅಣ್ಣ ಖಾಲಿ ಬಂಡಿ ಹೊಡೆದುಕೊಂಡು ಹೋದ. ಅತ್ತೆ ಗಾಳೆವ್ವ ಊರಿನ ಆಚೆ ಓಣಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಳು. ಸೊಸೆಯ ಮುಖ ಕಂಡರೆ ಮಗನ ನೆನಪಾಗುತ್ತದೆಂದು ಅವಳು ಇತ್ತ ಬರುವುದನ್ನೇ ಬಿಟ್ಟಿದ್ದಳು.

ಒಂಟಿ ಹೆಣ್ಣಿರುವ ಮನೆ ಎಂದು ಊರಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು? ಸಂಜೆ ಹೊತ್ತಿಳಿದರೆ ಹಿತ್ತಲ ಬೇಲಿಯಾಚೆ ಯಾರೋ ಕೆಮ್ಮುವರು. ಒಂದು ಸಂಜೆ ಚಿಲಕ ಅಲುಗಾಡಿತು. ಉಡಚವ್ವ ಒಲೆಯ ಮುಂದೆ ಕೊಡಲಿ ಇಟ್ಟುಕೊಂಡು ಕೂತಳು.

ಹಿತ್ತಲಲ್ಲಿ ಪರಶಪ್ಪನ ಗುಂಡುಕಲ್ಲು ಇತ್ತು. ಅವನು ದಿನಾ ನಸುಕಿನಲ್ಲಿ ಅದನ್ನು ಹೆಗಲಿಗೇರಿಸಿ ಕೆಡವಿ ತಾಲೀಮು ಮಾಡುತ್ತಿದ್ದ. ಆ ‘ಧಡ್’ ಸಪ್ಪಳಕ್ಕೆ ಓಣಿಯೇ ಏಳುತ್ತಿತ್ತು. ಪರಶಪ್ಪನಿದ್ದ ದಿನಗಳಲ್ಲಿ ಆ ಬೇಲಿಯ ಹತ್ತಿರ ಒಬ್ಬನೂ ಕೆಮ್ಮಿರಲಿಲ್ಲ.

ಒಂದು ನಸುಕಿನಲ್ಲಿ ಉಡಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿಗೆ ಕೈ ಹಚ್ಚಿದಳು. ಅದು ಅಲುಗಾಡಿತಷ್ಟೇ. ಮರುದಿನ ಮತ್ತೆ ಹಚ್ಚಿದಳು. ಹಟ ಹಿಡಿದರೆ ಮೈಗೂ ಬುದ್ಧಿ ಬರುತ್ತದೆ. ಶ್ರಾವಣ ಬರುವಷ್ಟರಲ್ಲಿ ಕಲ್ಲು ಮೊಳಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಅಲ್ಲಿಂದ ಕೈ ಬಿಟ್ಟರೆ ನೆಲ ಅದೇ ಮಾತಾಡಿತು: ಧಡ್.

ಕೆಮ್ಮು ನಿಂತಿತು. ಆದರೆ ಬಲಹೆಗಲಲ್ಲಿ ನೋವು ಹುಟ್ಟಿತು. ಮೊದಲು ಮುಳ್ಳು ಚುಚ್ಚಿದಂತೆ; ಬರಬರುತ್ತ ಕೀಲಿನೊಳಗೆ ಯಾರೋ ಕೆಂಡ ಇಟ್ಟಂತೆ. ತುರುಬು ಕಟ್ಟಲು ಕೈ ಮೇಲೆ ಹೋಗದು. ರೊಟ್ಟಿ ಬಡಿಯಲು ಕೂತರೆ ಮಣಿಕಟ್ಟು ಬಾತುಕೊಳ್ಳುವುದು. ಅಂಬಲಿ ಕಾಸಿ ಕುಡಿದು ಮಲಗುವಳು. ನೋಯುತ್ತದೆಂದು ಯಾರ ಮುಂದೆ ಹೇಳುವುದು? ಗೋಡೆಗೆ ಹೆಗಲು ಒತ್ತಿ ನಿಲ್ಲುವಳು. ಮಣ್ಣಿನ ಗೋಡೆಯ ತಂಪಿಗೆ ತುಸು ಹಿತವೆನಿಸುವುದು.

ಕೊನೆಗೆ ಎಲುಬು ಕೂಡಿಸುವ ಬೀಬಿಜಾನಳ ಮನೆಗೆ ಹೋದಳು. ಮುದುಕಿ ಕುಸುಬಿ ಎಣ್ಣೆ ಹಚ್ಚಿ, ಎಕ್ಕೆಯ ಎಲೆ ಬೆಚ್ಚಗೆ ಮಾಡಿ ಕಟ್ಟುತ್ತ ಕೇಳಿದಳು:

“ಏನ್ ಮಾಡ್ಕೊಂಡಿ ಮಗಳ?”

“ಬೀಸಿ ಬೀಸಿ ನೋಯ್ತೈತ್ರಿ.”

“ನಾನೂ ಬೀಸೀನವ್ವಾ. ಇದು ಭಾರಾ ಎತ್ತಿದ ನೋವು.” ಬೀಬಿಜಾನ ಕೆದಕಲಿಲ್ಲ. “ಏನರ ಇರ್ಲಿ, ಅದನ್ನ ಬಿಡು. ಮೈಯಾಗಿನ ಕೀಲು ಬಾಗಲದ ಕೀಲಲ್ಲ. ಸವದ್ರ ಬಡಿಗ್ಯಾ ಬಂದು ಬ್ಯಾರೆ ಹಾಕಂಗಿಲ್ಲ.”

ಉಡಚವ್ವ ಕಲ್ಲು ಬಿಟ್ಟಳು. ವಾರ ತುಂಬುವ ಮೊದಲೇ ಬೇಲಿಯಾಚೆ ಮತ್ತೆ ಕೆಮ್ಮು ಕೇಳಿತು. ಕಟ್ಟಿದ ಎಲೆ ಬಿಚ್ಚಿ ಅವಳು ಮತ್ತೆ ಕಲ್ಲಿಗೆ ಕೈ ಹಚ್ಚಿದಳು.

ಸಪ್ಪಳಕ್ಕೆ ಕಾಲಿರುತ್ತದೆ. ಪರಶಪ್ಪ ಬಂದಿದ್ದಾನೆ, ಸರಕಾರಕ್ಕೆ ಹೆದರಿ ಮನೆಯಲ್ಲಿ ಅಡಗಿದ್ದಾನೆ ಎಂಬ ಮಾತು ಓಣಿಯಿಂದ ಓಣಿಗೆ ನಡೆದು ಗಾಳೆವ್ವನ ಕಿವಿ ಮುಟ್ಟಿತು. ಒಂದು ಮುಂಜಾನೆ ಅವಳು ಸೆರಗಿನ ಮರೆಯಲ್ಲಿ ಸಿಹಿ ಮಾದಲಿಯ ಬಟ್ಟಲು ಹಿಡಿದು, ಏದುಸಿರು ಬಿಡುತ್ತ ಬಂದು ಒಳಗಿನಿಂದ ಚಿಲಕ ಹಾಕಿದಳು.

“ಎಲ್ಲಿ ನನ್ನ ಮಗಾ? ಲಗೂ ಕರಿ. ಬಿಸಿ ಐತಿ, ತಿನ್ಲಿ.”

ಉಡಚವ್ವ ಮಾತಾಡುವ ಮೊದಲೇ ಗಾಳೆವ್ವ ಅಡಿಗೆಮನೆ ಇಣುಕಿದಳು, ಕಾಳು ತುಂಬುವ ಹಗೇವಿನ ಬಾಯಿಗೆ ಬಗ್ಗಿ “ಪರಶ್ಯಾ” ಎಂದು ಪಿಸುಗುಟ್ಟಿದಳು, ಹಿತ್ತಲಿಗೆ ಹೋದಳು. ಅಲ್ಲಿ ಕಲ್ಲಿನ ಪಕ್ಕ ನಿಂತು ತಿರುಗಿದಳು.

“ಅಂವ ಬಂದಿಲ್ರಿ ಅತ್ತಿ. ನಾನ ಎತ್ತತೇನ್ರಿ.”

“ಸುಳ್ಳ ಹೇಳಬ್ಯಾಡ. ಗಂಡಸ್ರಿಗೇ ಎದ್ದಿಲ್ಲ ಅದು.”

“ಖರೇನ್ರಿ. ಒಬ್ಬಾಕೀನ ಅದೇನಿ ಅಂತ ಬೇಲಿ ಹಾರಾಕ ಬರ್ತಿದ್ರು.”

“ಎತ್ತು, ನೋಡೂಣು!”

ಉಡಚವ್ವ ಕೂತು ಕಲ್ಲನ್ನು ತಬ್ಬಿದಳು. ಮೊಳಕಾಲು ದಾಟಿತು, ಸೊಂಟಕ್ಕೆ ಬಂತು. ಅಷ್ಟರಲ್ಲಿ ಹೆಗಲಿನೊಳಗೆ ಏನೋ ಲಟಕ್ಕೆಂದಿತು. ಕಲ್ಲು ಕೈಜಾರಿತು. ಅವಳು ತುಟಿ ಕಚ್ಚಿಕೊಂಡು ಹಾಗೇ ನೆಲಕ್ಕೆ ಕುಸಿದಳು.

ಗಾಳೆವ್ವ ಅವಳ ಪಕ್ಕ ಕೂತಳು.

“ದಿನಾ ಮುಂಜಾನೆ ನಿಮ್ಮ ಓಣಿ ತುದಿಗೆ ಬಂದು ನಿಂತು ಇದನ್ನ ಕೇಳ್ತಿದ್ನೆವ್ವಾ,” ಎಂದಳು. “ಕೇಳಿ ಹಿಗ್ಗೀಲೆ ಅತ್ತೇನಿ.”

ಬಟ್ಟಲನ್ನು ಅಲ್ಲೇ ಇಟ್ಟು, ಸೊಸೆಯ ಹೆಗಲ ಮೇಲೆ ಕೈಯಾಡಿಸಿದಳು. ಬಾವು ಬೆರಳಿಗೆ ಹತ್ತಿತು. ಎದ್ದು ಚಿಲಕ ತೆಗೆದು ನೇರ ಓಣಿಗೆ ನಡೆದಳು. ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ ಅವಳ ದನಿ ಏರಿತು:

“ನನ್ನ ಮಗ ಬಂದಿಲ್ಲ! ಅಂವ ಹೋದ, ನರಗುಂದದಾಗ ಹೋದ! ಕಲ್ಲ ಎತ್ತಿದಾಕಿ ನನ್ನ ಸೊಸಿ. ಇನ್ನ ಯಾವಾಂವಗರ ಆಕಿ ಬೇಲಿ ಹಾರೂದಿದ್ರ ಹಾರಿ ನೋಡ್ರಿ!”

ಒಳಗೆ ಕೂತ ಉಡಚವ್ವ ಅದನ್ನು ಕೇಳಿದಳು. ಅವನು ಹೋದ ಎಂದು ಇಷ್ಟು ದಿನ ಅವಳ ಎದುರು ಯಾರೂ ನೇರ ಅಂದಿರಲಿಲ್ಲ. ಗಾಳೆವ್ವ ತಿರುಗಿ ಬಾರದೆ ಹಾಗೇ ಹಿರಿಯ ಮಗನ ಮನೆಗೆ ಹೋದಳು.

ಬೇಲಿಯ ಹತ್ತಿರ ಮತ್ತೆ ಯಾರೂ ಸುಳಿಯಲಿಲ್ಲ. ಬೀಬಿಜಾನ ಎಷ್ಟು ಎಣ್ಣೆ ತಿಕ್ಕಿದರೂ ಬಲಗೈ ಹೆಗಲಿನಿಂದ ಮೇಲೆ ಏಳಲಿಲ್ಲ. ಚಳಿಗಾಲ ಬಂತು. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ, ಕಲ್ಲು ಎತ್ತಿದಾಕೆ ಎಂಬ ಅಂಜಿಕೆಯಿಂದ ಹಗ್ಗ ಬಿಟ್ಟು, ಅವಳಿಗೆ ಮೊದಲು ದಾರಿ ಕೊಡುತ್ತಿದ್ದರು.

“ನೀವ ಸೇದ್ಕೋರಿ, ನನಗೇನ್ ಅವಸರಿಲ್ಲ,” ಎಂದು ಒಮ್ಮೆ ಅಂದಳು.

ಯಾರೂ ಮುಂದೆ ಬರಲಿಲ್ಲ. ಉಡಚವ್ವ ಎಡಗೈಯಿಂದ ನೀರು ಸೇದಿ, ಕೊಡ ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಅವಳು ತಿರುವು ದಾಟಿದ ಮೇಲೆ ಬಾವಿಯ ಕಟ್ಟೆಯಲ್ಲಿ ಮಾತು ಮತ್ತೆ ಶುರುವಾಯಿತು.