ಮಡಚದ ಮೊಣಕಾಲು

ಕೊಳಕೂರಿನ ಜಗದೇವಪ್ಪನಿಗೆ ಸಾವಿನ ಅಂಜಿಕೆ ಇರಲಿಲ್ಲ. ಇದ್ದದ್ದೆಲ್ಲ ಸತ್ತ ಮೇಲಿನ ಅಂಜಿಕೆ. ಅದೂ ಎಡಗಾಲಿನ ಮೊಣಕಾಲು ಒಂದರದೇ.

ಎಂಬತ್ತನೇ ಇಸವಿಯ ಸುಗ್ಗಿಯಲ್ಲಿ ಜೋಳದ ಕಣಿಕೆ ಹೇರಿದ ಬಂಡಿ ಮಗುಚಿ ಆ ಕಾಲು ಅಡಿಗೆ ಸಿಕ್ಕಿತ್ತು. ಜೇವರ್ಗಿಯಲ್ಲಿ ಎಲುಬು ಕೂಡಿಸುವ ಖಾಜಾಸಾಬ ಎಳೆದು ಸರಿಮಾಡಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದ. "ಬಾವು ಇಳಿದ ಮ್ಯಾಲ ದಬ್ಬಿ ಬಿಚ್ಚಿ ದಿನಾ ಅಷ್ಟಷ್ಟ ಮಡಚರಿ. ಕಣ್ಣೀರು ಬರ್ತದ, ಬರಲಿ ಬಿಡ್ರಿ," ಎಂದಿದ್ದ. ಜಗದೇವಪ್ಪ ಒಮ್ಮೆ ಮಡಚಲು ನೋಡಿದ. ಕಣ್ಣಿಗೆ ಕತ್ತಲೆ ಬಂತು. ನೋವಿಗಂಜಿ ಮತ್ತೆ ದಬ್ಬೆ ಕಟ್ಟಿಕೊಂಡ. ಇಂದಲ್ಲ ನಾಳೆ ಎನ್ನುತ್ತ ಮಳೆಗಾಲವೂ ಕಳೆಯಿತು. ಕಡೆಗೆ ಬಿಚ್ಚಿದಾಗ ಕಾಲು ಒನಕೆಯಾಗಿತ್ತು.

ನಡೆಯಲು ಬರುತ್ತಿತ್ತು, ಹೊಲಕ್ಕೂ ಹೋಗುತ್ತಿದ್ದ. ಕುಂತರೆ ಮಾತ್ರ ಕಾಲು ಮುಂದಕ್ಕೆ ಚಾಚಿಯೇ ಇರಬೇಕು. ಕಟ್ಟೆಯ ಮೇಲೆ ಕುಂತಾಗ ಹಾದಿಗೆ ಅಡ್ಡವಾಗುತ್ತಿತ್ತು. "ಏ ಜಗದೇವಪ್ಪಾ, ನಾಕಾದ ಅಡ್ಡಬೊಂಬು ಎತ್ತಲೇ, ಎಮ್ಮಿ ಹೋಗಬೇಕು," ಎಂದು ಗೆಣೆಯರು ಚೇಷ್ಟೆ ಮಾಡಿದರೆ ತಾನೂ ನಗುತ್ತಿದ್ದ.

ನಗು ನಿಂತದ್ದು ಒಂದು ಬೆಳಗಿನ ಲಿಂಗಪೂಜೆಯಲ್ಲಿ. ಎಡಗೈಯಲ್ಲಿ ಲಿಂಗ ಹಿಡಿದು, ಮಣೆಯ ಮೇಲೆ ಕಾಲು ಚಾಚಿ ಕುಂತವನಿಗೆ ತಟ್ಟನೆ ಹೊಳೆಯಿತು. ತಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಕುಂದ್ರಿಸಿ, ಹೀಗೆಯೇ ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಡುತ್ತಾರೆ. ಹಾಗಾದರೆ ಈ ಕಾಲು?

ಆಗ ಅವನಿಗೆ ದೊಡ್ಡಪ್ಪನ ಸಾವು ನೆನಪಾಯಿತು. ಜಗದೇವಪ್ಪ ಆಗ ಚಿಕ್ಕವ. ದೊಡ್ಡಪ್ಪ ಮಲಗಿದಲ್ಲೇ ಹೋಗಿದ್ದ, ಗೊತ್ತಾಗುವ ಹೊತ್ತಿಗೆ ಮೈ ಸೆಟೆದಿತ್ತು. ದೊಡ್ಡವರು ಒಳಮನೆಯ ಬಾಗಿಲು ಮುಂದೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿಂದ 'ಲಟಕ್' ಎಂದು ಸಪ್ಪಳವಾಯಿತು. ಅಪ್ಪನ ದನಿ, "ಹಾಂ, ಕುಂತ," ಎಂದಿತು. ಅಂದಿನಿಂದ ಜಗದೇವಪ್ಪ ಯಾರ ಮಣ್ಣಿಗೂ ಹೋದವನಲ್ಲ. ಹೊಟ್ಟೆನೋವೆಂದೋ ಎತ್ತು ತಪ್ಪಿಸಿಕೊಂಡಿತೆಂದೋ ನೆವ ತೆಗೆಯುತ್ತಿದ್ದ.

ಈಗ ಆ ಸಪ್ಪಳ ಅವನ ಮೊಣಕಾಲಿನಲ್ಲೇ ಬಂದು ಕುಂತಿತು. ಒಲೆಗೆ ಹಾಕಲು ಹೆಂಡತಿ ಕಸ್ತೂರಿಬಾಯಿ ತೊಗರಿಕಟ್ಟಿಗೆ ಮುರಿದರೂ ಬೆಚ್ಚಿಬೀಳುತ್ತಿದ್ದ. ಅನ್ನ ಸೇರದಾಯಿತು.

"ಸತ್ತ ಮ್ಯಾಲ ನಿಮಗೇನು ಗೊತ್ತಾಗ್ತದ್ರಿ?" ಎಂದಳು ಕಸ್ತೂರಿಬಾಯಿ.

"ಗೊತ್ತಾದ್ರ?"

"ಗೊತ್ತಾದ್ರ ಎದ್ದು ಬಡೀರಿ ಅವರಿಗಿ!"

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಬಸ್ಸು ಹತ್ತಿ ಜೇವರ್ಗಿಗೆ ಹೋದ.

ಖಾಜಾಸಾಬ ಅಂಗಳದಲ್ಲಿ ಎಣ್ಣೆ ಕಾಸುತ್ತಿದ್ದ. ಕಾಲು ನೋಡಿ ತಲೆಯಾಡಿಸಿದ. "ಎಲುಬಿನ ಮ್ಯಾಲೇ ತೋರಿಸ್ತಿದ್ದೆ, ಮನ್ಯಾಗ ಕುರಿಕಾಲಿನ ಪಾಯಾ ಮಾಡ್ಯಾರ. ಆದ್ರ ನೀವು ಲಿಂಗವಂತರು, ವಾಂತಿ ಮಾಡ್ಕೋತೀರಿ. ಕೈಯಾಗ ನೋಡ್ರಿ," ಎಂದು ಎರಡು ಮುಷ್ಟಿ ಒಟ್ಟಿಗೆ ಹಿಡಿದ. "ತೊಡಿ ಎಲುಬಿನ ತುದಿ ಹಿಂಗ, ಎರಡು ಗುಬುಟು. ಕೆಳಗ ಕಾಲಿನ ಎಲುಬು, ತಾಟು ಇದ್ದಂಗ." ಒಂದು ಅಂಗೈ ಅಗಲಿಸಿ ಮುಷ್ಟಿಗಳ ಕೆಳಗೆ ತಂದದ್ದರಿಂದ ಒಂದು ಮುಷ್ಟಿ ಬಿಚ್ಚಿಹೋಯಿತು. "ಅರೆ, ಕೈ ಸಾಲಂಗಿಲ್ಲ. ನಡುವೆ ಮೆತ್ತನ್ನ ಗಾದಿ, ಜಿಡ್ಡು. ಮುಂದ ಚಿಪ್ಪು. ಜಿಡ್ಡು ಇರೋತನಕ ಜಾರ್ತದ. ನಿಮ್ಮದು ಅಲುಗದ ಅಲುಗದ ಒಣಗಿ, ಎರಡೂ ಎಲುಬು ಬೆಸೆದುಕೊಂಡಾವ."

"ಹಂಗಾರ ಮುರೀರಿ," ಎಂದ ಜಗದೇವಪ್ಪ.

"ಏನು?"

"ಸತ್ತ ಮ್ಯಾಲ ಕುಣ್ಯಾಗ ಕುಂದ್ರಸಾಕ ಅವರು ಮುರಿಯೂದು ಬ್ಯಾಡ, ಜೀವ ಇದ್ದಾಗ ನೀವ ಮುರೀರಿ ಖಾಜಾಸಾಬ್. ಮಡಚಿ ಕಟ್ಟರಿ. ಮಡಚಿದ್ದ ಇರಲಿ."

ಖಾಜಾಸಾಬ ಎಣ್ಣೆಯ ಬಟ್ಟಲು ಕೆಳಗಿಟ್ಟ. "ಅಲ್ಲಾಕೀ ಕಸಂ, ಈ ಕೈ ಬರೇ ಕೂಡಿಸ್ಯಾವ. ಮುರಿಯಾಕ ಕಲಿಸಬ್ಯಾಡ್ರಿ. ಬಾಗಿಲು ಬಡೀಬೇಕಾದ್ದು ನಿಮ್ಮೂರ ಕುಣಿ ತೋಡೋ ಮಲ್ಕಪ್ಪಂದು, ನನ್ನ ಬಲ್ಲಿ ಯಾಕ ಬಂದ್ರಿ?"

ಮಲ್ಕಪ್ಪನ ಹೆಸರು ಕೇಳಿಯೇ ಜಗದೇವಪ್ಪ ಎದ್ದು ಬಸ್ಸಿನ ಹಾದಿ ಹಿಡಿದ. ದೊಡ್ಡಪ್ಪ ಸತ್ತ ದಿನ ಆ ಒಳಮನೆಯಲ್ಲಿ ಮಲ್ಕಪ್ಪನ ಅಪ್ಪನೂ ಇದ್ದ.

ಬಾಗಿಲು ಬಡಿಯುವ ಧೈರ್ಯ ಬರುವ ಮೊದಲೇ ಓಣಿಯ ಸುಮಿತ್ರಾಬಾಯಿ ಮುದುಕಿ ಹೋದಳು. ಟೊಂಕ ಮುರಿದುಕೊಂಡು ವರ್ಷಗಟ್ಟಲೆ ಮಲಗಿದ್ದವಳು, ಬಲಗಾಲು ಕೊರಡಾಗಿತ್ತು. ಈ ಸಲ ಜಗದೇವಪ್ಪ ನೆವ ತೆಗೆಯಲಿಲ್ಲ. ಮುದುಕಿಯ ಕಾಲಿಗೆ ಏನು ಮಾಡುತ್ತಾರೋ ತನ್ನ ಕಾಲಿಗೂ ಅದೇ. ಬಡಿಗೆ ಊರಿಕೊಂಡು, ಜನರ ಹಿಂದೆ, ಕಣಿಗಲ ಗಿಡ ಹಿಡಿದು ನಿಂತ.

ಕುಣಿಯೊಳಗೆ ಮಲ್ಕಪ್ಪನಿದ್ದ. ಮುದುಕಿಯನ್ನು ಇಳಿಸಿದರು. ಒಂದು ಕಾಲು ಮಡಚಿತು, ಇನ್ನೊಂದು ಗೂಡಿನ ಬಾಯಿಗೆ ಅಡ್ಡ ನಿಂತಿತು. ಜನ ಗುಜುಗುಜು ಎಂದರು. ಅಳಿಯ ದೌಲತರಾಯ ಬಗ್ಗಿ ನೋಡಿ, "ಬಿಸಲು ಏರಾಕತ್ತದ. ಸ್ವಲ್ಪ ಒತ್ತಲೇ ಮಲ್ಕಪ್ಪಾ," ಎಂದ.

"ಬ್ಯಾಡ!"

ಚೀರಿದ್ದು ತಾನೇ ಎಂದು ಜಗದೇವಪ್ಪನಿಗೆ ಆಮೇಲೆ ತಿಳಿಯಿತು. ಎಲ್ಲರೂ ತಿರುಗಿದರು. ಅವನು ಗಿಡ ಬಿಟ್ಟು ಮುಂದೆ ಬಂದಿದ್ದ. "ಒತ್ತಬ್ಯಾಡ್ರಿ ಯಪ್ಪಾ, ಒತ್ತಬ್ಯಾಡ್ರಿ..."

ಕುಣಿಯೊಳಗಿಂದ ಮಲ್ಕಪ್ಪ ತಲೆ ಎತ್ತಿದ. "ಯಾರು ಒತ್ತಾಕತ್ತಾರ? ಗುದ್ದಲಿ ಕೊಡ್ರಿ."

ಗುದ್ದಲಿಯ ಮೊದಲ ಏಟಿಗೆ ಜಗದೇವಪ್ಪ ಕಣ್ಣು ಮುಚ್ಚಿದ. ಬಿದ್ದದ್ದು ಮೆತ್ತನೆಯ ಸಪ್ಪಳ, ಎರೆಮಣ್ಣಿನದು. ಕಣ್ಣು ತೆರೆದಾಗ ಮಲ್ಕಪ್ಪ ಗೂಡಿನ ಬದಿಯ ಗೋಡೆಯಲ್ಲಿ ಉದ್ದಕ್ಕೆ ಒಂದು ಕೊರಕಲು ತೆಗೆಯುತ್ತಿದ್ದ. ಅಂಗೈಯಿಂದ ಅದನ್ನು ಸವರಿ ನುಣುಪು ಮಾಡಿ, ವಿಭೂತಿ ಎರಚಿ, ಮುದುಕಿಯ ಕಾಲನ್ನು ಅದರೊಳಗೆ ಚಾಚಿಟ್ಟ. ಮುದುಕಿ ತನ್ನ ಮನೆಯ ಪಡಸಾಲೆಯಲ್ಲಿ ಕಾಲು ನೀಡಿ ಕುಂತಂತೆ ಕುಂತಳು. ಬಿಲ್ವಪತ್ರೆ ಸುರಿದರು.

ಜನ ಚದುರಿದ ಮೇಲೆ ಜಗದೇವಪ್ಪ ಅವನ ಹತ್ತಿರ ಹೋದ. "ಮಲ್ಕಪ್ಪಾ, ನಮ್ಮ ದೊಡ್ಡಪ್ಪಂದು... ಅವತ್ತು ಲಟಕ್ ಅಂದಿದ್ದು ಏನದು?"

"ನಾ ಆಗ ಇದ್ದಿಲ್ಲ. ನಮ್ಮಪ್ಪ ಹೇಳಲಿಲ್ಲ." ಮಲ್ಕಪ್ಪ ಗುದ್ದಲಿಗೆ ಹತ್ತಿದ ಮಣ್ಣು ಕೆರೆದ. "ನೀ ಅಂಜಬ್ಯಾಡ. ನಿಂದು ಎಡಗಾಲು. ಉದ್ದನೂ ಭಾಳ ಅದ. ಎಡಕ್ಕ ಕೊರದು, ಮೊಳದ ಮ್ಯಾಲ ಗೇಣು ಜಾಸ್ತಿ ಬಿಡಬೇಕಾಗ್ತದ."

"ಯಾವಾಗ ಅಳದಿ?"

"ದಿನಾ ಕಟ್ಟಿ ಮ್ಯಾಲ ಚಾಚಿ ಕುಂಡ್ರತಿ. ನಾ ದಿನಾ ಹಾದು ಹೋಗ್ತೀನಿ. ಕಣ್ಣಿಗಿ ಬಿದ್ದೇ ಬೀಳ್ತದ."

ಜಗದೇವಪ್ಪ ಮನೆಗೆ ಬಂದು ಗಡಿಗೆಯ ನೀರೆಲ್ಲ ಕುಡಿದ.

ಮರುದಿನ ಕಟ್ಟೆಯ ಮೇಲೆ ಕುಂತಿದ್ದಾಗ ಹೆಗಲಿಗೆ ಗುದ್ದಲಿ ಹಾಕಿಕೊಂಡು ಮಲ್ಕಪ್ಪ ಬರುತ್ತಿದ್ದ. ಜಗದೇವಪ್ಪ ಗಡಬಡಿಸಿ ಧೋತರ ಎಳೆದು ಕಾಲು ಮುಚ್ಚಿದ. ಮಲ್ಕಪ್ಪ ಹತ್ತಿರ ಬಂದ. ಅಳತೆ ಗೇಣು ಕಡಿಮೆ ಬಿದ್ದರೆ ಏನು ಗತಿ ಎಂದುಕೊಂಡ ಜಗದೇವಪ್ಪ, ತಾನೇ ಧೋತರ ಸರಿಸಿ, ಕಾಲನ್ನು ಉದ್ದಕ್ಕೆ ಚೆನ್ನಾಗಿ ಚಾಚಿದ.